1975ರಲ್ಲಿ ಹಳ್ಳಿಯವರು ಕೋಳಿಗೂಡಿನ ತಂತಿಬಲೆಯ ಆಂಟೆನಾದಿಂದ ಉಪಗ್ರಹದ ಟಿವಿ ನೋಡಿದ್ದು ಹೇಗೆ?

ಉಪಗ್ರಹವೇ ಬಲವಾದ ಸಿಗ್ನಲ್ ಕಳಿಸುತ್ತಿದ್ದುದರಿಂದ ನೆಲದ ಮೇಲೆ ಅಗ್ಗದ ಉಪಕರಣ ಸಾಕಾಯಿತು. ನಾಸಾದ ಎಟಿಎಸ್-6 ಉಪಗ್ರಹಕ್ಕೆ ಬಾಹ್ಯಾಕಾಶದಲ್ಲಿ ಬಿಚ್ಚಿಕೊಳ್ಳುವ ಸುಮಾರು 9 ಮೀಟರ್ ಅಗಲದ ಆಂಟೆನಾ ಇತ್ತು. ಅದು ಸಿಗ್ನಲನ್ನು ಎಲ್ಲೆಡೆ ಚದುರಿಸದೆ ಭಾರತದ ಕಡೆಗೇ ಒಟ್ಟುಗೂಡಿಸಿ ಕಳಿಸುತ್ತಿತ್ತು.

ಇನ್ನು ಬಲೆ. ಪ್ರಸಾರದ ಆವರ್ತನ 860 ಮೆಗಾಹರ್ಟ್ಸ್, ಅಂದರೆ ಅಲೆಯ ಉದ್ದ ಸುಮಾರು 35 ಸೆಂ.ಮೀ. ಬಲೆಯ ಕಣ್ಣು ಅದಕ್ಕಿಂತ ಬಹಳ ಚಿಕ್ಕದಾದ್ದರಿಂದ ಆ ಅಲೆಗೆ ಬಲೆಯೂ ತಗಡೂ ಹೆಚ್ಚುಕಡಿಮೆ ಒಂದೇ. ಗಾಳಿ ಮಾತ್ರ ತೂರಿ ಹೋಗುತ್ತದೆ, ಹಾಗಾಗಿ 3 ಮೀಟರ್ ಡಿಶ್‌ಗೆ ಭಾರಿ ಕಂಬ ಬೇಕಿಲ್ಲ. ಅಷ್ಟು ದೊಡ್ಡ ಡಿಶ್‌ನ ನೋಟ ಸುಮಾರು 8 ಡಿಗ್ರಿ ಅಗಲ. ಒಂದೆರಡು ಡಿಗ್ರಿ ವಾಲಿದರೂ ಚಿತ್ರ ಹೋಗದು. ಆದರೆ ಬಲೆ ನಾಲ್ಕಾರು ಸೆಂ.ಮೀ. ನಗ್ಗಿದರೆ ಅಲೆಗಳು ಒಂದೇ ಬಿಂದುವಿನಲ್ಲಿ ಸೇರದೆ ಪರದೆ ಮೇಲೆ ಚುಕ್ಕೆ ಏಳುತ್ತವೆ.

ಚಿತ್ರ ಎಫ್‌ಎಂ ರೂಪದಲ್ಲಿ, ಅಂದರೆ ಅಲೆಯ ಆವರ್ತನವನ್ನು ಏರಿಳಿಸುವ ರೀತಿಯಲ್ಲಿ, ಬರುತ್ತಿದ್ದುದರಿಂದ ಸಾಮಾನ್ಯ ಟಿವಿ ಅದನ್ನು ಓದಲಾರದು, ನಡುವೆ ಕನ್ವರ್ಟರ್ ಬೇಕೇ ಬೇಕು. ಒಂದು ಚಿತ್ರದ ಜೊತೆ ಎರಡು ಧ್ವನಿವಾಹಿನಿ ಇದ್ದವು, ಹಾಗಾಗಿ ಒಂದೇ ದೃಶ್ಯವನ್ನು ಎರಡು ಭಾಷೆಯಲ್ಲಿ ಕೇಳಿಸಬಹುದಿತ್ತು. ಇದೇ 'ಸೈಟ್' (ಸ್ಯಾಟಲೈಟ್ ಇನ್‌ಸ್ಟ್ರಕ್ಷನಲ್ ಟೆಲಿವಿಷನ್ ಎಕ್ಸ್‌ಪೆರಿಮೆಂಟ್, ಅಂದರೆ ಉಪಗ್ರಹದ ಮೂಲಕ ಶೈಕ್ಷಣಿಕ ಟಿವಿ) ಪ್ರಯೋಗ: ಕರ್ನಾಟಕವೂ ಸೇರಿ 6 ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ 1976ರ ಜುಲೈವರೆಗೆ, ಒಂದು ವರ್ಷ ನಡೆಯಿತು.