ಶಸ್ತ್ರಚಿಕಿತ್ಸೆಯ ಬದಲು ಹೊಟ್ಟೆಯೊಳಗೆ ಬಲೂನ್ ಹಾಕಿಸಿಕೊಂಡರೆ ತೂಕ ಇಳಿಯುತ್ತದೆಯೇ?

ನಿಮ್ಮ ಎತ್ತರ 170 ಸೆಂ.ಮೀ., ತೂಕ 104 ಕೆ.ಜಿ., ಶಸ್ತ್ರಚಿಕಿತ್ಸೆಯೆಂದರೆ ಭಯ ಎಂದು ಬರೆದಿದ್ದೀರಿ. ಬಲೂನ್ ಹಾಕಿಸಿಕೊಂಡವರ ಆಹಾರಕ್ರಮ ನೋಡಿಕೊಳ್ಳುವ ಡಯಟಿಷಿಯನ್ ಆಗಿ ಉತ್ತರಿಸುತ್ತಿದ್ದೇನೆ. ತೂಕ ಇಳಿಯುತ್ತದೆ, ಅದು ಉಳಿಯುವುದು ಮಾತ್ರ ಬಲೂನ್ ಒಳಗಿರುವ ತಿಂಗಳುಗಳಲ್ಲಿ ನೀವು ಊಟದ ರೂಢಿಯನ್ನು ಎಷ್ಟು ಬದಲಿಸಿಕೊಳ್ಳುತ್ತೀರಿ ಎಂಬುದರ ಮೇಲೆ.

ನಿಮ್ಮ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ) ಸುಮಾರು 36. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2015ರಲ್ಲಿ ಆರ್ಬೆರಾ ಬಲೂನಿಗೆ ಅನುಮತಿ ಕೊಟ್ಟದ್ದು 30ರಿಂದ 40ರೊಳಗಿನ ಬಿಎಂಐ ಇರುವವರಿಗೆ. ಎಂಡೋಸ್ಕೋಪಿಯ (ಬಾಯಿಯಿಂದ ಇಳಿಸುವ ಕ್ಯಾಮೆರಾ ಕೊಳವೆಯ) ಸಹಾಯದಿಂದ ಖಾಲಿ ಸಿಲಿಕೋನ್ ಬಲೂನನ್ನು ಜಠರಕ್ಕಿಳಿಸಿ, 400ರಿಂದ 700 ಮಿ.ಲೀ. ಸಲೈನ್ (ಉಪ್ಪುನೀರು) ತುಂಬಿಸಿ, ಆರು ತಿಂಗಳಾದ ಮೇಲೆ ಅದೇ ರೀತಿ ಹೊರತೆಗೆಯುತ್ತಾರೆ. ಸಲೈನಿಗೆ ಮಿಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಬೆರೆಸಿದ್ದರೆ, ಬಲೂನ್ ಸೋರಿದಾಗ ಮೂತ್ರಕ್ಕೆ ಹಸಿರು ಅಥವಾ ನೀಲಿ ಬಣ್ಣ ಬರುತ್ತದೆ. ಕುಗ್ಗಿದ ಬಲೂನ್ ಕರುಳಿಗೆ ಜಾರಿ ಅಡ್ಡಗಟ್ಟುವ ಅಪಾಯವಿರುವುದರಿಂದ ಆಗ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಜಾಹೀರಾತುಗಳು ಹೇಳದಿರುವುದು ಮೊದಲ ವಾರದ ಕಷ್ಟವನ್ನು. ಓಕರಿಕೆ, ವಾಂತಿ, ಹೊಟ್ಟೆ ಹಿಂಡಿದಂತಾಗುವುದು ಬಹುತೇಕ ಎಲ್ಲರಿಗೂ ಇರುತ್ತದೆ. ಕೆಲವರು ತಾಳಲಾರದೆ ಅವಧಿಗೆ ಮುನ್ನವೇ ತೆಗೆಸಿಕೊಳ್ಳುತ್ತಾರೆ. ಮೊದಲು ತಿಳಿಸಾರು, ನೀರು ಮಜ್ಜಿಗೆಯಂಥ ದ್ರವಗಳು, ನಂತರ ಮೆತ್ತಗಿನ ಆಹಾರ, ಆಮೇಲೆ ಮಾಮೂಲಿ ಊಟ. ಮುದ್ದೆಯನ್ನು ಅಗಿಯದೆ ನುಂಗಿ ಅಭ್ಯಾಸವಾದವರಿಗೆ ನಿಧಾನವಾಗಿ ಅಗಿದು ತಿನ್ನುವುದನ್ನು ಕಲಿಸುವುದೇ ನನ್ನ ಅರ್ಧ ಕೆಲಸ. ಬಲೂನ್ ತಡೆಯುವುದು ಗಟ್ಟಿ ಆಹಾರದ ಪ್ರಮಾಣವನ್ನು ಮಾತ್ರ. ಪಾಯಸ, ಮಿಲ್ಕ್‌ಶೇಕ್, ಸಕ್ಕರೆ ಹಾಕಿದ ಹಣ್ಣಿನ ರಸ ಅದರ ಪಕ್ಕದಿಂದ ಸಲೀಸಾಗಿ ಇಳಿದುಹೋಗುತ್ತವೆ.

ಆರ್ಬೆರಾದ ಅಮೆರಿಕನ್ ಪ್ರಯೋಗದಲ್ಲಿ, ಬಲೂನ್ ಹಾಕಿಸಿಕೊಂಡವರ ದೇಹತೂಕ ಆರು ತಿಂಗಳಲ್ಲಿ ಸರಾಸರಿ ಶೇ. 10ರಷ್ಟು ಇಳಿದರೆ, ಬಲೂನಿಲ್ಲದೆ ಆಹಾರ ಮತ್ತು ವ್ಯಾಯಾಮದ ಸಲಹೆಯನ್ನಷ್ಟೇ ಪಡೆದವರಲ್ಲಿ ಅದು ಶೇ. 3ರ ಆಸುಪಾಸಿನಲ್ಲಿತ್ತು. ನಿಮ್ಮ ಲೆಕ್ಕಕ್ಕೆ ಶೇ. 10 ಎಂದರೆ ಸುಮಾರು ಹತ್ತು ಕಿಲೋ. ಎಪ್ಪತ್ತಕ್ಕೆ ಇಳಿಯುವ ಆಸೆಯಿದ್ದರೆ ಬಲೂನನ್ನು ನಂಬಬೇಡಿ. ತೆಗೆಸಿದ ಮೇಲೆ ಹಳೆಯ ತಟ್ಟೆಗೇ ಮರಳಿದವರ ತೂಕವೂ ಮರಳುತ್ತದೆ.

ನುಂಗುವ ಕ್ಯಾಪ್ಸೂಲಿನ ರೂಪದಲ್ಲಿ ಬರುವ ಅಲ್ಯೂರಿಯನ್ ಬಲೂನಿಗೆ ಸಾಮಾನ್ಯವಾಗಿ ಎಂಡೋಸ್ಕೋಪಿ ಬೇಡ. ಸುಮಾರು ನಾಲ್ಕು ತಿಂಗಳಲ್ಲಿ ತಾನೇ ತೆರೆದುಕೊಂಡು ಮಲದೊಂದಿಗೆ ಹೊರಹೋಗುತ್ತದೆ.

ಹಿಂದೆ ಜಠರದ ಶಸ್ತ್ರಚಿಕಿತ್ಸೆಯಾಗಿದ್ದರೆ, ಅಲ್ಸರ್ ಅಥವಾ ದೊಡ್ಡ ಹಯಾಟಸ್ ಹರ್ನಿಯಾ (ಜಠರದ ಮೇಲ್ಭಾಗ ಎದೆಯೊಳಗೆ ಸರಿದಿರುವುದು) ಇದ್ದರೆ, ರಕ್ತ ತೆಳುವಾಗಿಸುವ ಮಾತ್ರೆಯನ್ನೋ ದಿನನಿತ್ಯ ನೋವಿನ ಮಾತ್ರೆಯನ್ನೋ ಸೇವಿಸುತ್ತಿದ್ದರೆ ವೈದ್ಯರಿಗೆ ಮುಚ್ಚಿಡಬೇಡಿ. ಇವುಗಳಲ್ಲಿ ಯಾವುದಿದ್ದರೂ ಅವರು ಬಲೂನ್ ಬೇಡವೆನ್ನಬಹುದು. ಸಕ್ಕರೆ ಕಾಯಿಲೆಯೂ ಇದ್ದಲ್ಲಿ, ಭಯವನ್ನು ಬದಿಗಿಟ್ಟು ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡುವ ಬೇರಿಯಾಟ್ರಿಕ್ ಸರ್ಜನ್ ಒಬ್ಬರ ಮಾತನ್ನೂ ಕೇಳಿ ನಂತರ ನಿರ್ಧರಿಸಿ.