ದುಬೈಯಲ್ಲಿ ನಮ್ಮ ಬಳ್ಳಾರಿ ಎಲ್ಲಿದೆ?

ಬರ್ ದುಬೈ, ದೇರಾ, ಕರಾಮಾ, ದುಬೈಯ ಈ ಮೂರು ಏರಿಯಾಗಳಲ್ಲಿ ಯಾವುದು ನಮ್ಮ ಬಳ್ಳಾರಿ ಥರ ಇದೆ, ಎಲ್ಲಿ ಮನೆ ಹಿಡಿಯಲಿ ಅಂತ ಕೇಳಿದ್ದೀರಿ. ನಾನು ಮೂರು ವರ್ಷ ಅಲ್ಲಿದ್ದು ಈಗ ಬಳ್ಳಾರಿಯ ಗಾಂಧಿನಗರಕ್ಕೆ ವಾಪಸ್ ಬಂದಿದ್ದೇನೆ.

ಬರ್ ದುಬೈನ ಮೀನಾ ಬಜಾರ್ ಅಂದ್ರೆ ನಮ್ಮ ಬಳ್ಳಾರಿಯ ಬೆಂಗಳೂರು ರೋಡೇ. ಸೀರೆ ಅಂಗಡಿ, ಬಂಗಾರದ ಅಂಗಡಿ, ಟೈಲರ್‌ಗಳು, ಸಂಜೆಯಾದ್ರೆ ಕಾಲಿಡೋಕೆ ಜಾಗ ಇಲ್ಲ. ಅಲ್ಲಿಂದ ಕ್ರೀಕ್, ಅಂದ್ರೆ ಊರೊಳಗೆ ಚಾಚಿದ ಸಮುದ್ರದ ಕವಲು, ದಾಟಲು ಅಬ್ರಾ ಅನ್ನುವ ಮರದ ದೋಣಿ ಇದೆ. ಒಂದೇ ದಿರ್ಹಮ್ ಕೊಟ್ಟು ಹೋಗುತ್ತಿದ್ದೆ. ಕೆಲಸ ಇಲ್ಲದಿದ್ದರೂ ಸುಮ್ನೆ ಹತ್ತುತ್ತಿದ್ದೆ. ಆಚೆ ದಡ ದೇರಾ. ಅದು ನಮ್ಮೂರ ಕೌಲ್ ಬಜಾರ್ ಇದ್ದ ಹಾಗೆ: ಹಳೇ ಗಲ್ಲಿಗಳು, ಮಸಾಲೆ ವಾಸನೆ, ಚೌಕಾಸಿ. ನೋಡೋಕೆ ಚೆಂದ, ಇರೋಕೆ ಗದ್ದಲ ಜಾಸ್ತಿ.

ನನ್ನನ್ನು ಕೇಳಿದರೆ ಕರಾಮಾ ನೋಡಿ. ಇಡ್ಲಿ, ದೋಸೆ ನಡೆದು ಹೋಗುವ ದೂರದಲ್ಲಿ ಸಿಗುತ್ತವೆ. ರೆಡ್, ಗ್ರೀನ್ ಎರಡೂ ಮೆಟ್ರೋ ಲೈನ್ ಸೇರುವ ಬರ್‌ಜುಮಾನ್ ಸ್ಟೇಷನ್ನೂ ಹತ್ತಿರ.

ಆಮೇಲೆ, ಬಳ್ಳಾರಿ ಬಿಸಿಲು ಕಂಡವನಿಗೆ ದುಬೈ ಯಾವ ಲೆಕ್ಕ ಅಂದುಕೊಂಡು ಹೋಗಬೇಡಿ. ನಾನೂ ಹಾಗೇ ಹೋಗಿದ್ದೆ. ನಮ್ಮದು ಒಣ ಬಿಸಿಲು, ಅಲ್ವಾ? ಅಲ್ಲಿ ಪಕ್ಕದಲ್ಲೇ ಸಮುದ್ರ. ಆಗಸ್ಟ್‌ನಲ್ಲಿ ರಾತ್ರಿ ಹತ್ತಕ್ಕೂ ಅಂಗಿ ಮೈಗೆ ಅಂಟುತ್ತದೆ. ಏಸಿ ಸರಿ ಇದೆಯಾ ಅಂತ ನೋಡಿಯೇ ಅಡ್ವಾನ್ಸ್ ಕೊಡಿ.