ಕಪ್ಪು ಬೆಕ್ಕಿನ ಕೂದಲಡಿಯ ಬೆಳ್ಳಿ

ಪ್ರಶ್ನೆ: ಮೇಡಂ, ನಮ್ಮ ಗಂಡು ಬೆಕ್ಕಿಗೆ ಈಗ ಒಂಬತ್ತು ತಿಂಗಳು. ಎರಡು ತಿಂಗಳ ಮರಿಯಾಗಿ ಮನೆಗೆ ಬಂದಾಗ ಅಪ್ಪಟ ಕಪ್ಪಾಗಿತ್ತು. ನಾಲ್ಕೈದು ತಿಂಗಳಾದ ಮೇಲೆ ಕುತ್ತಿಗೆಯ ಸುತ್ತಲಿನ ಉದ್ದ ಕೂದಲು ಬೆಳ್ಳಿಬಣ್ಣಕ್ಕೆ ತಿರುಗಿತು. ಮುಖ, ಕಾಲು, ಬೆನ್ನು ಇವತ್ತಿಗೂ ಕಪ್ಪೇ. ಆದರೆ ನಡೆಯುವಾಗ ಕೂದಲು ಬಿರಿದರೆ ಒಳಗಿನ ಬಿಳುಪು ಹೊಳೆಯುತ್ತದೆ. ಕಣ್ಣು ಕಿತ್ತಳೆ ಬಣ್ಣ. ಮೂಗು ಗಿಡ್ಡ, ಆದರೆ ಪೂರ್ತಿ ಚಪ್ಪಟೆಯಲ್ಲ. ತಾಯಿ ಬೂದುಬಣ್ಣದ್ದಂತೆ, ತಂದೆ ಯಾವುದೆಂದು ಗೊತ್ತಿಲ್ಲ, ಕಾಗದಪತ್ರ ಏನೂ ಇಲ್ಲ. ನೋಡಿದವರಲ್ಲಿ ಒಬ್ಬರು ಹಿಮಾಲಯನ್ ಎಂದರು, ಇನ್ನೊಬ್ಬರು ಸಿಲ್ವರ್ ಚಿಂಚಿಲಾ ಎಂದರು, ಮತ್ತೊಬ್ಬರು ‘ಪಂಚ್ ಫೇಸ್ (ತೀರಾ ಚಪ್ಪಟೆ ಮುಖ) ಇಲ್ಲ, ಹಾಗಾಗಿ ಇದು ಪರ್ಷಿಯನ್ನೇ ಅಲ್ಲ’ ಎಂದುಬಿಟ್ಟರು. ಇದು ಯಾವ ತಳಿ? ಈ ಬಣ್ಣಕ್ಕೆ ಏನು ಹೆಸರು?

ಉತ್ತರ: ಬಣ್ಣದ ಮಾತನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದರಲ್ಲಿ ನನಗೆ ಹೆಚ್ಚು ಅನುಮಾನವಿಲ್ಲ. ನೀವು ವರ್ಣಿಸಿರುವುದು ಬ್ಲ್ಯಾಕ್ ಸ್ಮೋಕ್. ಉದ್ದ ಕೂದಲಿನ ಬೆಕ್ಕುಗಳ ಬಣ್ಣಗಳಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಇದೇ. ಸುಮ್ಮನೆ ಕೂತಾಗ ಕಪ್ಪು ಬೆಕ್ಕು, ಮೈ ಮುರಿದು ಎದ್ದಾಗ ಬೆಳ್ಳಿಯ ಬೆಕ್ಕು.

ಹಿಮಾಲಯನ್ ಅಲ್ಲ ಎನ್ನಲು ನಿಮ್ಮ ಪತ್ರದ ಒಂದೇ ಮಾತು ಸಾಕು: ‘ಮರಿಯಾಗಿದ್ದಾಗ ಅಪ್ಪಟ ಕಪ್ಪು’. ಹಿಮಾಲಯನ್ ಎಂದರೆ ಸಯಾಮೀಸ್ ಬೆಕ್ಕಿನ ಬಣ್ಣವನ್ನು ಪರ್ಷಿಯನ್ ಮೈಗೆ ತಂದು ಬೆಳೆಸಿದ್ದು. ಅವುಗಳಲ್ಲಿ ಬಣ್ಣ ತಯಾರಿಸುವ ಟೈರೋಸಿನೇಸ್ ಎಂಬ ಕಿಣ್ವ ಶಾಖ ತಾಳುವುದಿಲ್ಲ. ಮೈಯ ಬೆಚ್ಚಗಿನ ಭಾಗದಲ್ಲಿ ಅದು ಕೆಲಸ ಮಾಡದೆ ಉಳಿಯುತ್ತದೆ. ಕಿವಿ, ಮೂತಿ, ಪಾದ, ಬಾಲ ಸ್ವಲ್ಪ ತಣ್ಣಗಿರುವುದರಿಂದ ಅಲ್ಲಿ ಮಾತ್ರ ಬಣ್ಣ ಹಿಡಿಯುತ್ತದೆ. ತಾಯಿಯ ಹೊಟ್ಟೆಯೊಳಗೆ ಎಲ್ಲ ಕಡೆಯೂ ಬೆಚ್ಚಗೇ. ಹಾಗಾಗಿ ಹಿಮಾಲಯನ್ ಮರಿ ಹುಟ್ಟುವುದು ಬೆಳ್ಳಗೆ, ತುದಿಗಳು ಗಾಢವಾಗುವುದು ಆಮೇಲೆ. ನಿಮ್ಮ ಬೆಕ್ಕು ಬಂದದ್ದು ಇದಕ್ಕೆ ತಿರುಗಾ ದಾರಿಯಲ್ಲಿ. ಅಲ್ಲದೆ ಹಿಮಾಲಯನ್ ಕಣ್ಣು ನೀಲಿಯೇ ಇರಬೇಕು.

ಚಿಂಚಿಲಾ ಎಂದವರು ಸರಿಯಾದ ಮನೆಯ ತಪ್ಪು ಬಾಗಿಲು ತಟ್ಟಿದ್ದಾರೆ. ಚಿಂಚಿಲಾ, ಶೇಡೆಡ್ ಸಿಲ್ವರ್, ಸ್ಮೋಕ್ ಈ ಮೂರರಲ್ಲೂ ಕೂದಲಿನ ಬುಡ ಬಿಳಿ, ತುದಿಗೆ ಮಾತ್ರ ಬಣ್ಣ. ವ್ಯತ್ಯಾಸ ಇರುವುದು ಆ ಬಣ್ಣ ಎಷ್ಟು ಕೆಳಗಿನವರೆಗೆ ಇಳಿದಿದೆ ಎಂಬುದರಲ್ಲಿ. ಚಿಂಚಿಲಾದಲ್ಲಿ ಸುಮಾರು ಎಂಟನೇ ಒಂದು ಭಾಗ, ಬರೀ ತುದಿ. ಅದಕ್ಕೇ ದೂರದಿಂದ ಬೆಕ್ಕು ಬೆಳ್ಳಗೆ ಮಿನುಗುತ್ತದೆ. ಶೇಡೆಡ್‌ನಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ. ಸ್ಮೋಕ್‌ನಲ್ಲಿ ಅರ್ಧ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಹಾಗಾಗಿ ಕೂದಲು ಬಿಡಿಸುವವರೆಗೆ ಬಿಳುಪು ಕಾಣುವುದೇ ಇಲ್ಲ. ಕಣ್ಣೂ ಸಾಕ್ಷಿ ಹೇಳುತ್ತದೆ. ಚಿಂಚಿಲಾ ಪರ್ಷಿಯನ್‌ಗೆ ಹಸಿರು ಇಲ್ಲವೇ ನೀಲಿ ಬೆರೆತ ಹಸಿರು ಕಣ್ಣು, ಅದರ ಸುತ್ತ ಕಾಡಿಗೆ ತೀಡಿದಂಥ ಕಪ್ಪು ಅಂಚು, ಇಟ್ಟಿಗೆ ಕೆಂಪಿನ ಮೂಗು. ಬ್ಲ್ಯಾಕ್ ಸ್ಮೋಕ್‌ಗೆ ತಾಮ್ರದ ಕಣ್ಣು, ಮೂಗೂ ಅಂಗಾಲಿನ ಮೆತ್ತೆಗಳೂ ಕಪ್ಪು.

ನನ್ನ ಮಾತನ್ನು ಹಾಗೇ ನಂಬಬೇಕಿಲ್ಲ, ನೀವೇ ನೋಡಿ. ಹಗಲು ಹೊತ್ತಿನಲ್ಲಿ ಬೆಕ್ಕನ್ನು ಕಿಟಕಿಯ ಹತ್ತಿರ ಕೂರಿಸಿಕೊಳ್ಳಿ. ಬಲ್ಬಿನ ಬೆಳಕಲ್ಲಿ ಬೂದು ಕಂದಾಗಿ, ಬಿಳಿ ಹಳದಿಯಾಗಿ ಕಾಣುತ್ತದೆ. ಮೊಬೈಲ್ ಫೋಟೋವನ್ನಂತೂ ಬಣ್ಣದ ವಿಷಯದಲ್ಲಿ ನಾನು ನಂಬುವುದೇ ಇಲ್ಲ. ಪಕ್ಕೆಯ ಮೇಲೆ ಬೆರಳಿನಿಂದ ಬೈತಲೆ ತೆಗೆದು ಚರ್ಮದವರೆಗೂ ನೋಡಿ. ಬುಡ ಶುಭ್ರ ಬಿಳಿಯಾಗಿದ್ದು, ಬಿಳಿ ಮುಗಿದು ಕಪ್ಪು ಶುರುವಾಗುವ ಜಾಗ ಗೊತ್ತಾಗುವಂತಿದ್ದರೆ ಅದು ಸ್ಮೋಕ್. ಬಾಚಣಿಗೆಯಲ್ಲಿ ಉಳಿದ ಒಂದು ಉದ್ದ ಕೂದಲನ್ನು ಮೊದಲು ಬಿಳಿ ಕಾಗದದ ಮೇಲೆ, ಆಮೇಲೆ ಕಪ್ಪು ಕಾಗದದ ಮೇಲೆ ಇಟ್ಟು ನೋಡಿ. ಬಿಳಿ ಕಾಗದದ ಮೇಲೆ ಬುಡ ಮಾಯವಾಗುತ್ತದೆ, ಕಪ್ಪಿನ ಮೇಲೆ ತುದಿ ಮಾಯವಾಗುತ್ತದೆ. ನನ್ನ ಮೇಜಿನ ಡ್ರಾಯರಿನಲ್ಲಿ ಈ ಎರಡು ಕಾಗದದ ತುಂಡು ಸದಾ ಇರುತ್ತವೆ. ಬೆಕ್ಕು ಸಾಕಿದವರು ಮೊದಲ ಸಲ ಇದನ್ನು ನೋಡಿದಾಗ ಅವರ ಮುಖ ಅರಳುವುದನ್ನು ನೋಡಲು ನನಗೆ ಇಷ್ಟ.

ಮೋಸಹೋಗುವ ಎರಡು ಸಂದರ್ಭಗಳಿವೆ. ಅಚ್ಚ ಕಪ್ಪು ಪರ್ಷಿಯನ್ ಮರಿಗಳ ಒಳಕೂದಲು ಕೆಲವು ತಿಂಗಳು ಬೂದಾಗಿರುತ್ತದೆ. ಅಲ್ಲಿ ಬಣ್ಣ ಬುಡದ ಕಡೆಗೆ ಮೆಲ್ಲಗೆ ಮಾಸುತ್ತ ಹೋಗುತ್ತದೆಯೇ ಹೊರತು ಬಿಳಿ ಪಟ್ಟಿ ಸಿಗುವುದಿಲ್ಲ. ಇನ್ನೊಂದು, ಬಿಸಿಲಲ್ಲಿ ಮಲಗುವ ಕಪ್ಪು ಬೆಕ್ಕು. ಅದರ ಕೂದಲು ತುಕ್ಕು ಹಿಡಿದಂತೆ ಕೆಂಪಗಾಗುತ್ತದೆ, ಆದರೆ ಆಗುವುದು ತುದಿಯ ಕಡೆ. ಬುಡ ಕಪ್ಪಾಗಿಯೇ ಉಳಿಯುತ್ತದೆ. ಏನೇ ಇರಲಿ, ಬಣ್ಣ ತಿಳಿಯಬೇಕಾದರೆ ಬುಡ ನೋಡಿ.

ನಿಮ್ಮ ಬೆಕ್ಕು ಮರಿಯಾಗಿದ್ದಾಗ ಬಿಳುಪು ಯಾಕೆ ಕಾಣಲಿಲ್ಲ ಎಂದರೆ, ಆಗ ಕೂದಲೇ ಗಿಡ್ಡ. ಸ್ಮೋಕ್ ಮರಿಗಳು ಹುಟ್ಟುವಾಗ ಕಪ್ಪು ಮರಿಗಳ ಹಾಗೇ ಇರುತ್ತವೆ, ಕಣ್ಣಿನ ಸುತ್ತ ಸ್ವಲ್ಪ ತಿಳಿಬಣ್ಣ ಇದ್ದರೆ ಇದ್ದೀತು. ಉದ್ದ ಕೂದಲು ಬಂದ ಮೇಲೆಯೇ ಕುತ್ತಿಗೆಯ ಕೇಸರ, ಕಿವಿಯೊಳಗಿನ ಕುಚ್ಚು ಬೆಳ್ಳಗಾಗುವುದು. ಮುಖ ಮತ್ತು ಕಾಲಿನ ಕೂದಲು ಕೊನೆಯವರೆಗೂ ಗಿಡ್ಡವಾದ್ದರಿಂದ ಅವು ಕಪ್ಪಾಗಿಯೇ ಉಳಿಯುತ್ತವೆ. ಕೂದಲು ಉದುರುವ ಕಾಲದಲ್ಲಿ ಮೈಬಣ್ಣ ಕಲಸಿದಂತಾದರೆ ಗಾಬರಿಯಾಗಬೇಡಿ, ಹೊಸ ಕೂದಲು ಬಂದಾಗ ಸರಿಹೋಗುತ್ತದೆ.

ಬುಡವನ್ನು ಬಿಳಿಯಾಗಿಡುವ ಜೀನ್ ಪ್ರಬಲ ಗುಣದ್ದು, ಒಂದು ಪ್ರತಿ ಬಂದರೂ ಕಾಣಿಸುತ್ತದೆ. ತಂದೆ-ತಾಯಿಯಲ್ಲಿ ಒಂದಕ್ಕಾದರೂ ಅದು ಇರದೆ ಮರಿಗೆ ಬರುವುದಿಲ್ಲ. ಬೂದು ತಾಯಿಯೇ ಬ್ಲೂ ಸ್ಮೋಕ್ ಆಗಿದ್ದಿರಬಹುದು. (ಬೆಕ್ಕು ಸಾಕುವವರು ಬೂದು ಬಣ್ಣವನ್ನು ಬ್ಲೂ ಎಂದೇ ಕರೆಯುತ್ತಾರೆ.) ಬ್ಲೂ ಎಂದರೆ ತೆಳುವಾದ ಕಪ್ಪು. ಬಣ್ಣದ ಕಣಗಳು ಕೂದಲಿನಲ್ಲಿ ಸಮನಾಗಿ ಹರಡದೆ ಗುಂಪುಗೂಡಿದಾಗ ಕಪ್ಪು ಬೂದಾಗುತ್ತದೆ, ಕೆಂಪು ಕೆನೆಬಣ್ಣವಾಗುತ್ತದೆ. ಅದು ದುರ್ಬಲ ಗುಣ, ಎರಡೂ ಕಡೆಯಿಂದ ಬಂದರೆ ಮಾತ್ರ ಕಾಣುತ್ತದೆ. ತಾಯಿ ನಿಜವಾಗಿ ಬ್ಲೂ ಆಗಿದ್ದರೆ, ನಿಮ್ಮ ಕಪ್ಪು ಬೆಕ್ಕೂ ಆ ಗುಣದ ಒಂದು ಪ್ರತಿಯನ್ನು ಒಳಗೆ ಹೊತ್ತುಕೊಂಡೇ ತಿರುಗುತ್ತಿದೆ.

ಇನ್ನು ತಳಿ. ಇಲ್ಲಿ ನಾನು ನಿಧಾನವಾಗಿ ಮಾತಾಡುತ್ತೇನೆ. ಉದ್ದ ಕೂದಲು ಇದ್ದ ಮಾತ್ರಕ್ಕೆ ಬೆಕ್ಕು ಪರ್ಷಿಯನ್ ಆಗುವುದಿಲ್ಲ. ಎಫ್‌ಜಿಎಫ್5 ಎಂಬ ಜೀನ್ ಕೂದಲಿಗೆ ‘ಇನ್ನು ಬೆಳೆದದ್ದು ಸಾಕು’ ಎಂಬ ಸೂಚನೆ ಕೊಡುತ್ತದೆ. ಅದು ಕೆಟ್ಟಾಗ ಕೂದಲು ಇನ್ನೂ ಹೆಚ್ಚು ಕಾಲ ಬೆಳೆಯುತ್ತದೆ. ಇದೂ ದುರ್ಬಲ ಗುಣವಾದ್ದರಿಂದ ಗಿಡ್ಡ ಕೂದಲಿನ ಎರಡು ಸಾಮಾನ್ಯ ಬೆಕ್ಕುಗಳಿಗೂ ಉದ್ದ ಕೂದಲಿನ ಮರಿ ಹುಟ್ಟಬಹುದು. ಆದ್ದರಿಂದ ನಾನು ಕೂದಲನ್ನು ಮನಸ್ಸಿನಲ್ಲೇ ಬದಿಗಿಟ್ಟು ಮೂಳೆ ಮುಟ್ಟಿ ನೋಡುತ್ತೇನೆ. ನೀವು ಬೆಕ್ಕಿಗೆ ಸ್ನಾನ ಮಾಡಿಸಿದಾಗ ನೋಡಿ, ಒದ್ದೆ ಮೈ ಏನನ್ನೂ ಮುಚ್ಚಿಡುವುದಿಲ್ಲ. ತಲೆ ದುಂಡಗೆ, ಅಗಲವಾಗಿದೆಯೇ? ಕಿವಿ ಚಿಕ್ಕದಾಗಿ, ತುದಿ ದುಂಡಾಗಿ, ಒಂದಕ್ಕೊಂದು ದೂರದಲ್ಲಿ ಕೂತಿವೆಯೇ? ಎದೆ ಅಗಲ, ಕಾಲು ಗಿಡ್ಡ ಮತ್ತು ದಪ್ಪ, ಬಾಲ ಗಿಡ್ಡ? ಕೂದಲು ಮೈಯೆಲ್ಲ ಒಂದೇ ಸಮ ಉದ್ದವಿದ್ದು ಒಳಗೆ ಒತ್ತಾದ ಹತ್ತಿಯಂಥ ಪದರ ಇದೆಯೇ? ಇವೆಲ್ಲ ಹೌದಾದರೆ ಪರ್ಷಿಯನ್ ರಕ್ತ ಧಾರಾಳವಾಗಿದೆ. ಒಳಪದರವೇ ಇಲ್ಲದ ರೇಷ್ಮೆ ಕೂದಲು, ತೆಳು ಮೈ, ಎತ್ತರದ ಕಿವಿ ಇದ್ದರೆ ಟರ್ಕಿಶ್ ಅಂಗೋರಾದ ಮೈಕಟ್ಟು. ಚೌಕ ಮೂತಿ, ಉದ್ದ ಮೈ, ದೊಡ್ಡ ಕಿವಿ, ಹೊಟ್ಟೆ-ತೊಡೆಯಲ್ಲಿ ಮಾತ್ರ ಜೋತುಬಿದ್ದ ಕೂದಲಿದ್ದರೆ ಮೇನ್ ಕೂನ್ ಕಡೆಯದು.

‘ಪಂಚ್ ಫೇಸ್ ಇಲ್ಲ, ಹಾಗಾಗಿ ಪರ್ಷಿಯನ್ ಅಲ್ಲ’ ಎಂಬ ಮಾತನ್ನು ಮನಸ್ಸಿನಿಂದ ತೆಗೆದುಹಾಕಿ. 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಮೊದಲ ದೊಡ್ಡ ಬೆಕ್ಕಿನ ಪ್ರದರ್ಶನ ನಡೆದಾಗಲೇ ಪರ್ಷಿಯನ್ ಬೆಕ್ಕುಗಳಿದ್ದವು, ಮತ್ತು ಆ ಕಾಲದ ಪರ್ಷಿಯನ್‌ಗೆ ಕಣ್ಣಿಗೆ ಕಾಣುವಂಥ ಮೂಗಿತ್ತು. ಮೂಗು ಕಣ್ಣುಗಳ ನಡುವೆ ಹೂತುಹೋದದ್ದು ಇಪ್ಪತ್ತನೇ ಶತಮಾನದಲ್ಲಿ ಜನ ಹಾಗೆ ಆರಿಸಿ ಬೆಳೆಸಿದ್ದರಿಂದ. ಬ್ರಿಟನ್ನಿನಲ್ಲಿ ಬೆಕ್ಕುಗಳ ತಳಿ ದಾಖಲಿಸುವ ಜಿಸಿಸಿಎಫ್ ಸಂಸ್ಥೆಯ ನಿಯಮದಲ್ಲಿ ಮೂಗಿನ ಮೇಲಂಚು ಕೆಳರೆಪ್ಪೆಯ ಅಂಚಿಗಿಂತ ಮೇಲಿದ್ದರೆ ಅದು ದೋಷ. ಪಂಚ್ ಫೇಸ್, ಸೆಮಿ ಪಂಚ್, ಡಾಲ್ ಫೇಸ್, ಟ್ರಿಪಲ್ ಕೋಟ್ ಇವೆಲ್ಲ ಮಾರಾಟದ ಮಾತುಗಳು; ಒಂದೂ ತಳಿಯ ಹೆಸರಲ್ಲ. ನಿಮ್ಮ ಬೆಕ್ಕಿನದು ಡಾಲ್ ಫೇಸ್, ಅಂದರೆ ಪೂರ್ತಿ ಚಪ್ಪಟೆಯಲ್ಲದ ಮುಖ. ವೈದ್ಯೆಯಾಗಿ ನನಗೆ ಅದು ಸಂತೋಷದ ಸುದ್ದಿ. ತೀರಾ ಚಪ್ಪಟೆ ಮುಖದ ಬೆಕ್ಕುಗಳ ಕಣ್ಣೀರಿನ ನಾಳ ತಿರುಚಿಕೊಂಡು ನೀರು ಸದಾ ಕೆನ್ನೆಗೆ ಇಳಿಯುತ್ತದೆ, ಮೂಗಿನ ಹೊಳ್ಳೆ ಕಿರಿದಾಗಿ ಉಸಿರು ಗೊರಗುಟ್ಟುತ್ತದೆ, ಹಲ್ಲು ಓರೆಯಾಗುತ್ತದೆ. ಇವುಗಳ ಜೊತೆ ಬದುಕು ಸವೆಸುವ ಬೆಕ್ಕುಗಳನ್ನು ದಿನವೂ ನೋಡುವವಳಿಗೆ ಆ ಮುಖವನ್ನು ಮುದ್ದು ಎನ್ನಲು ಬಾಯಿ ಬರುವುದಿಲ್ಲ.

ಕಾಗದ ಇಲ್ಲದ ಬೆಕ್ಕನ್ನು ಯಾರೂ ‘ಶುದ್ಧ ಪರ್ಷಿಯನ್’ ಎಂದು ಬರೆದುಕೊಡಲು ಆಗುವುದಿಲ್ಲ, ನಾನೂ ಕೊಡುವುದಿಲ್ಲ. ತಳಿ ಎನ್ನುವುದು ವಂಶಾವಳಿಯ ದಾಖಲೆ. ಡಿಎನ್‌ಎ ಪರೀಕ್ಷೆ ಕೂಡ ಯಾವ ತಳಿಗೆ ಹತ್ತಿರ ಎಂದು ಹೇಳೀತೇ ಹೊರತು ವಂಶಾವಳಿ ಬರೆದುಕೊಡುವುದಿಲ್ಲ. ನಿಮ್ಮ ಬೆಕ್ಕಿನ ಚೀಟಿಯ ಮೇಲೆ ನಾನು ಬರೆಯುವುದು ‘ಪರ್ಷಿಯನ್ ಮಾದರಿ, ಉದ್ದ ಕೂದಲು, ಬ್ಲ್ಯಾಕ್ ಸ್ಮೋಕ್, ಗಂಡು’ ಎಂದು.

ಆದರೂ ಪರ್ಷಿಯನ್ ರಕ್ತ ಇದೆ ಎಂಬುದು ಒಂದು ಕಾರಣಕ್ಕೆ ತುಂಬ ಮುಖ್ಯ. ಈ ಕುಲದಲ್ಲಿ ಮೂತ್ರಪಿಂಡದಲ್ಲಿ ನೀರುಗುಳ್ಳೆ ಬೆಳೆಯುವ ಕಾಯಿಲೆ ಇದೆ, ಪಿಕೆಡಿ ಎನ್ನುತ್ತೇವೆ. ಕೆಟ್ಟ ಜೀನ್ ತಂದೆ ಅಥವಾ ತಾಯಿ ಒಬ್ಬರಿಂದ ಬಂದರೂ ಸಾಕು, ಕಾಯಿಲೆ ಬರುತ್ತದೆ. ಗುಳ್ಳೆಗಳು ಹುಟ್ಟಿನಿಂದಲೇ ಸಣ್ಣದಾಗಿ ಇದ್ದು, ಬೆಕ್ಕು ನಡುವಯಸ್ಸಿಗೆ ಬಂದಾಗ ಊಟ ಬಿಡುವುದು, ಹೆಚ್ಚು ನೀರು ಕುಡಿಯುವುದು, ಸೊರಗುವುದು ಶುರುವಾಗುತ್ತದೆ. ಕೆನ್ನೆಯ ಒಳಗಿನಿಂದ ಹತ್ತಿಕಡ್ಡಿಯಲ್ಲಿ ಒರೆಸಿ ತೆಗೆದ ಮಾದರಿಯಿಂದ ಡಿಎನ್‌ಎ ಪರೀಕ್ಷೆ ಯಾವ ವಯಸ್ಸಿನಲ್ಲೂ ಆಗುತ್ತದೆ. ಹತ್ತು ತಿಂಗಳು ದಾಟಿದ ಮೇಲೆ ಅಲ್ಟ್ರಾಸೌಂಡ್ ಸ್ಕ್ಯಾನಿನಲ್ಲೂ ಚೆನ್ನಾಗಿ ತಿಳಿಯುತ್ತದೆ. ನಿಮ್ಮದಕ್ಕೆ ಈಗ ಒಂಬತ್ತು ತಿಂಗಳು. ದಯವಿಟ್ಟು ಬರುವ ತಿಂಗಳು ಒಮ್ಮೆ ಸ್ಕ್ಯಾನ್ ಮಾಡಿಸಿ, ಮತ್ತು ಅದರ ಫಲಿತಾಂಶ ತಿಳಿಯುವ ಮೊದಲು ಯಾವ ಹೆಣ್ಣಿನ ಜೊತೆಗೂ ಬಿಡಬೇಡಿ.

ಪ್ರಶ್ನೆ: ‘ಸಾಲಿಡ್ ರೆಡ್’ (ಪಟ್ಟೆಯಿಲ್ಲದ ಪೂರ್ತಿ ಕೆಂಪು) ಪರ್ಷಿಯನ್ ಎಂದು ಹೇಳಿ ಕೊಟ್ಟ ಮರಿಯ ಹಣೆಯ ಮೇಲೆ, ಬಾಲದ ಮೇಲೆ ಪಟ್ಟೆಗಳಿವೆ. ನಮಗೆ ಸುಳ್ಳು ಹೇಳಿದರೇ?

ಉತ್ತರ: ಪಟ್ಟೆ ಇದೆ ಎಂಬ ಕಾರಣಕ್ಕೆ ಸುಳ್ಳು ಎನ್ನಲಾರೆ. ಕಪ್ಪು ಬೆಕ್ಕಿನಲ್ಲಿ ಪಟ್ಟೆಯನ್ನು ಅಳಿಸುವ ಜೀನ್ ಕೆಂಪು ಬಣ್ಣದ ಮೇಲೆ ಕೆಲಸ ಮಾಡುವುದಿಲ್ಲ. ಹಾಗಾಗಿ ಪ್ರತಿಯೊಂದು ಕೆಂಪು ಬೆಕ್ಕಿನಲ್ಲೂ ಎಲ್ಲೋ ಒಂದು ಕಡೆ ಪಟ್ಟೆ ಇದ್ದೇ ಇರುತ್ತದೆ. ಪರ್ಷಿಯನ್‌ನಲ್ಲಿ ಉದ್ದ ಕೂದಲು ಅದನ್ನು ಕಲಸಿ ಮರೆಮಾಡುತ್ತದೆ, ಜೊತೆಗೆ ಪಟ್ಟೆ ಕಡಿಮೆ ಇರುವುದನ್ನೇ ತಲೆಮಾರುಗಳಿಂದ ಆರಿಸುತ್ತ ಬಂದಿದ್ದಾರೆ. ನಿಮ್ಮ ಮರಿಯ ಕೂದಲು ಬೆಳೆದಂತೆ ಮೈಮೇಲಿನ ಗೆರೆ ಮಸುಕಾಗಬಹುದು, ಹಣೆಯದು ಉಳಿಯುವ ಸಾಧ್ಯತೆ ಹೆಚ್ಚು. ಪಕ್ಕೆಯ ಕೂದಲು ಬಿಡಿಸಿದಾಗ ಗಾಢ-ತಿಳಿ ಸುರುಳಿಗಳು ಸ್ಪಷ್ಟವಾಗಿ ಕಂಡರೆ ಅದನ್ನು ರೆಡ್ ಟ್ಯಾಬಿ (ಪಟ್ಟೆಯ ಕೆಂಪು ಬೆಕ್ಕು) ಎಂದು ಕರೆಯುವುದು ಸರಿ.

ಕೆಂಪಿನ ಜೀನ್ ಎಕ್ಸ್ ವರ್ಣತಂತುವಿನ ಮೇಲಿದೆ, ಹೆಣ್ಣಿಗೆ ಆ ವರ್ಣತಂತು ಎರಡು, ಗಂಡಿಗೆ ಒಂದೇ. ಕೆಂಪು-ಕಪ್ಪು ಎರಡೂ ಬೆರೆತ ಬೆಕ್ಕುಗಳು ಬಹುಪಾಲು ಹೆಣ್ಣೇ ಆಗಿರುವುದಕ್ಕೆ ಅದೇ ಕಾರಣ. ಆ ಜೀನ್ ಯಾವುದು ಎಂಬುದು ಬಗೆಹರಿದದ್ದು ತೀರಾ ಈಚೆಗೆ. ಜಪಾನ್ ಮತ್ತು ಅಮೆರಿಕದ ಎರಡು ತಂಡಗಳು ಬೇರೆಬೇರೆಯಾಗಿ ಹುಡುಕಿ, 2025ರಲ್ಲಿ ಎಆರ್‌ಎಚ್‌ಜಿಎಪಿ36 ಎಂಬ ಜೀನಿನೊಳಗೆ ಡಿಎನ್‌ಎಯ ಒಂದು ತುಣುಕು ಕಳೆದುಹೋಗಿರುವುದೇ ಕಾರಣ ಎಂದು ಪ್ರಕಟಿಸಿದವು.

ಪ್ರಶ್ನೆ: ಉದ್ದ ಕೂದಲಿನ ಬಿಳಿ ಮರಿಯ ನೆತ್ತಿಯ ಮೇಲೆ ಬೂದು ಮಚ್ಚೆ ಇದೆ. ಹೋಗುತ್ತದೆಯೇ? ಒಂದು ಕಣ್ಣು ನೀಲಿ.

ಉತ್ತರ: ಸಾಮಾನ್ಯವಾಗಿ ಹೋಗುತ್ತದೆ, ಬೆಕ್ಕು ಬೆಳೆದು ದೊಡ್ಡದಾಗುವಷ್ಟರಲ್ಲಿ. ಹೋಗುವ ಮುಂಚೆ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಅಚ್ಚ ಬಿಳಿ ಬೆಕ್ಕು ನಿಜದಲ್ಲಿ ಬೇರೆ ಬಣ್ಣದ್ದೇ, ಬಿಳಿಯ ಜೀನ್ ಅದನ್ನು ಮುಚ್ಚಿರುತ್ತದೆ. ಆ ಮಚ್ಚೆ ಒಳಗಿನ ಬಣ್ಣದ ಸುಳಿವು. ನಿಮ್ಮ ಮರಿ ಬಿಳಿಯ ಅಡಿಯಲ್ಲಿ ಬ್ಲೂ ಇರಬೇಕು. ಎರಡು ತಿಂಗಳೊಳಗಿನ ಮರಿಯಾದರೆ ಕಣ್ಣಿನ ಬಣ್ಣ ಇನ್ನೂ ಬದಲಾಗಬಹುದು. ಆದರೆ ಒಂದು ಕಣ್ಣು ನೀಲಿಯಾಗಿಯೇ ಉಳಿದರೆ ಆ ಬದಿಯ ಕಿವಿ ಕೇಳದಿರುವ ಸಾಧ್ಯತೆ ಇದೆ. ಮರಿ ಬೇರೆ ಕಡೆ ನೋಡುತ್ತಿರುವಾಗ ಹಿಂದಿನಿಂದ, ಗಾಳಿ ತಾಗದಷ್ಟು ದೂರದಲ್ಲಿ ನಿಂತು ಕಾಗದ ಪರಪರ ಎನ್ನಿಸಿ ನೋಡಿ. ಒಂದೇ ಕಿವಿ ಕೇಳುವ ಬೆಕ್ಕು ಈ ಪರೀಕ್ಷೆಯಲ್ಲಿ ಪಾಸಾಗಿಬಿಡಬಹುದು. ಖಚಿತವಾಗಿ ತಿಳಿಯಬೇಕಾದರೆ ಬೇರ್ ಎಂಬ ಶ್ರವಣ ಪರೀಕ್ಷೆ ಇದೆ, ನಿಮ್ಮ ವೈದ್ಯರನ್ನು ಕೇಳಿ. ಪೂರ್ತಿ ಕಿವುಡು ಎಂದು ಗೊತ್ತಾದರೆ ಮನೆಯ ಹೊರಗೆ ಒಂಟಿಯಾಗಿ ಬಿಡಬೇಡಿ.